ಅಂಕಿತ ನುಂಗಿದ ಮಡಿವಾಳೆಪ್ಪ

ಸಂಶಿಯ ಮಡಿವಾಳೆಪ್ಪ ಹಾಡತೊಡಗಿದರೆ ಅಂಗಡಿಯವರು ತಕ್ಕಡಿಯನ್ನು ಹಾಗೇ ಹಿಡಿದು ನಿಲ್ಲುತ್ತಿದ್ದರು. ನಾನು ಅವನಿಗೆ ಹಾರ್ಮೋನಿಯಂ ಸಾಥಿ. ನನ್ನ ಬೆರಳು ಸ್ವರ ತಪ್ಪಿದರೆ ಅವನ ದನಿ ಅದನ್ನು ಮುಚ್ಚಿಕೊಂಡು ಹೋಗುತ್ತಿತ್ತು. ಊರಲ್ಲಿ ನನ್ನ ಹೆಸರು ಉಳಿದದ್ದೇ ಹಾಗೆ. ಮಠದ ಶಿವಾನುಭವ, ವಿಠ್ಠಲನ ಗುಡಿಯ ಏಕಾದಶಿ, ಮೊಹರಮ್ಮಿನ ಪದ, ಎಲ್ಲಕ್ಕೂ ಅವನೇ ಬೇಕು.

ಎಪ್ಪತ್ತಮೂರನೆಯ ಇಸವಿಯಲ್ಲಿ ಅವನ ಹೆಂಡತಿ ರೇವವ್ವ ವಿಷಮಜ್ವರದಿಂದ ಮಲಗಿದಳು. ಅವಳು ಎದ್ದರೆ ಶಿವನ ಹೆಸರೊಂದನ್ನೇ ನಾಲಿಗೆಯ ಮೇಲೆ ತರುತ್ತೇನೆಂದು ಮಠದಲ್ಲಿ ನೇಮ ಹಿಡಿದ. ರೇವವ್ವ ಎದ್ದಳು.

ಮೊದಲು ಮೊಹರಮ್ಮಿನ ಪದ ನಿಂತವು. “ನಿನ್ನ ಶಿವಗೂ ನಮಗೂ ಯಾವಾಗ ಜಗಳಾತೋ?” ಎಂದು ತಬಲಾದ ಬಾಬಾಸಾಬ ನಕ್ಕ. ಆಮೇಲೆ ಬರುವುದನ್ನೇ ಬಿಟ್ಟ.

ವಿಠ್ಠಲನ ಹಾಡನ್ನು ಮಾತ್ರ ಬಿಡಲಾಗಲಿಲ್ಲ. ಹಾಡುತ್ತಿದ್ದ, ಕೊನೆಗೆ ದೇವರ ಹೆಸರು, ಅಂಕಿತ, ಬಂದಾಗ ಬಾಯಿ ಮುಚ್ಚಿ ಮೂಗಿನಲ್ಲಿ ದನಿ ಎಳೆಯುತ್ತಿದ್ದ. ಎರಡು ಏಕಾದಶಿ, ನನ್ನ ಹಾರ್ಮೋನಿಯಂ ಪೆಟ್ಟಿಗೆಯ ಗದ್ದಲದಲ್ಲಿ ಹೆಸರು ಕೇಳಲಿಲ್ಲವೆಂದು ಜನ ನನ್ನನ್ನೇ ಬೈದರು. ಮೂರನೆಯದಕ್ಕೆ ಗುಡಿಯ ಹಿರಿಯರಾದ ದಿನಕರ ಮಾಸ್ತರರಿಗೆ ತಿಳಿಯಿತು.

“ಪತ್ರಾ ಬರದು ಸಹಿ ಮಾಡಲಿಲ್ಲಂದ್ರ ಹ್ಯಾಂಗೋ ಮಡಿವಾಳೆಪ್ಪ?”

“ಹೆಸರಿನ ಮ್ಯಾಲ ಸಿಟ್ಟಿಲ್ರಿ, ಮಾಸ್ತರ. ಅಕಿ ಉಳದಾಳ್ರಿ.”

“ನಮ್ಮ ವಿಠ್ಠಲ ಅಕೀನ್ನ ಕೊಲ್ತಾನೇನು?”

ಗುಡಿಯ ಕರೆಯೂ ನಿಂತಿತು. ಮಠದ್ದೊಂದೇ ಉಳಿಯಿತು; ಅಲ್ಲಿ ವರ್ಷಕ್ಕೆ ನಾಲ್ಕು ಸಲ ಹಾಡಿ, ಉಳಿದ ದಿನ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದ.

ಕಾರ್ತಿಕ ಏಕಾದಶಿಗೆ ಮಾಸ್ತರರು ಹೇಳಿ ಕಳಿಸಿದರು: ಹೆಸರು ಅನ್ನುವುದಾದರೆ ಬಾ. ಹೋದ. ಅಗದಿ ಮೊದಲಿನ ದನಿ. ಅಂಕಿತ ಬಂತು. ಬಾಯಿ ತೆರೆದ. ಕಣ್ಣು ಹೆಂಗಸರ ಸಾಲಿನಲ್ಲಿದ್ದ ರೇವವ್ವನ ಮೇಲೆ ಬಿತ್ತು. ತೆರೆದ ಬಾಯಿ ತೆರೆದೇ ಉಳಿಯಿತು.

“ಎಣ್ಣಿ ತೀರತೇನಲೇ?” ಎಂದು ಹಿಂದಿನಿಂದ ಯಾರೋ ಕೂಗಿದರು. ಗುಡಿಯೆಲ್ಲ ನಕ್ಕಿತು. ಮಡಿವಾಳೆಪ್ಪ ಎದ್ದು ಹೊರಟ.

ವಿಠ್ಠಲನ ಹೆಸರು ಹೇಳಲು ಹೋಗಿದ್ದನೆಂಬ ಸುದ್ದಿ ಮಠಕ್ಕೂ ಮುಟ್ಟಿತು. ನೇಮ ಕೆಟ್ಟಿತೆಂದು ಅವರು ಮಿಶ್ರಿಕೋಟಿಯಿಂದ ಬೇರೆಯವನನ್ನು ಕರೆಸಿಕೊಂಡರು.

“ನನ್ನ ಸಲುವಾಗಿ ಹಿಂಗ ಬಾಯಿ ಹೊಲಕೊಂಡು ಕುಂದ್ರಬ್ಯಾಡ್ರಿ,” ಎಂದಳು ರೇವವ್ವ, ಅವರ ಮನೆಯಲ್ಲಿ ನನ್ನೆದುರಿಗೇ. “ಆ ಹೆಸರು ಅಂದಬಿಡ್ರಿ. ನಾ ಏನ ಸಾಯೂದಿಲ್ಲ.”

ಅವನು ನನಗೆ ಸ್ವರ ಹಿಡಿಯಲು ಹೇಳಿದ. ಗುಡಿಯಲ್ಲಿ ಅರ್ಧಕ್ಕೆ ನಿಂತ ಅದೇ ಹಾಡು. ಅಂಕಿತದ ಜಾಗಕ್ಕೆ ಬಂದು ನಿಂತುಬಿಟ್ಟ. ನನ್ನ ಪೆಟ್ಟಿಗೆಯೊಂದೇ ಮುಂದೆ ಹೋಯಿತು, ಎಂದಿನಂತೆ ತಪ್ಪು ಸ್ವರದ ಮೇಲೆ. ಮುಚ್ಚಲು ಅವನ ದನಿ ಇರಲಿಲ್ಲ.