ಹೊಳೆಗೆ ಬಿಟ್ಟ ಸರಸ್ವತಿ

ಇಬ್ರಾಹಿಂ ಸಾಹೇಬರ ಬೀಡಿ ಲೇಬಲನ್ನು ನೀವು ಕಳೆದುಹಾಕಲಿಲ್ಲ. ನಾನು ಅದನ್ನು ನೇತ್ರಾವತಿಯಲ್ಲಿ ಬಿಟ್ಟೆ — ಹೂವಿನ ಜೊತೆಗೆ, ಕೈಮುಗಿದು.

ನಿನ್ನೆ ಜಗಲಿಯಲ್ಲಿ ಕೂತು, ಕೆಲಸ ಕಲಿಯಲು ಬಂದವರಿಗೆ ನಿಮ್ಮ ಕಥೆ ಹೇಳುತ್ತಿದ್ದಿರಿ. ಹಂಪನಕಟ್ಟೆಯ ಪ್ರೆಸ್ಸಿನಲ್ಲಿ ಬೀಡಿ ಲೇಬಲ್‌ಗಳಿಗೆ ಬಣ್ಣ ಹೊಂದಿಸುತ್ತಿದ್ದದ್ದು, ಆಮೇಲೆ ಅಂಥ ಚಿತ್ರಗಳ ಹಕ್ಕಿಗಾಗಿ ಓಡಾಡುವ ಟ್ರೇಡ್‌ಮಾರ್ಕ್ ಏಜೆಂಟರಾದದ್ದು, ಓದಲು ಬಾರದವರು ಬೀಡಿಯನ್ನು ಚಿತ್ರದಿಂದಲೇ ಗುರುತಿಸುತ್ತಾರೆ ಎಂದದ್ದು. ಕೊನೆಗೆ ಹೇಳಿದಿರಿ: "ನನ್ನ ಕೈಯಲ್ಲಿ ಒಬ್ಬರ ಲೇಬಲ್ ಕಳೆದುಹೋಗಿದೆ ಮಾರಾಯರೇ. ಅದನ್ನು ಬಿಟ್ಟು ನನ್ನ ಅನುಭವ ಹೇಳಿದರೆ ಸುಳ್ಳಾಗ್ತದೆ."

ಬಾಗಿಲ ಹಿಂದೆ ನಿಂತು ಕೇಳಿದೆ. ಸುಳ್ಳು ನಿಮ್ಮದಲ್ಲ —

ಅದು ಸಾಹೇಬರ ತಂದೆಯ ಕಾಲದ ಲೇಬಲ್. ಬೇರೆ ಊರಿನ ಬೀಡಿಯವರು ಆ ಸರಸ್ವತಿಯ ಚಿತ್ರ ತಮ್ಮದೆಂದಾಗ, ಮೊದಲು ಬಳಸಿದ್ದು ಇವರೇ ಎಂದು ತೋರಿಸಲು ಉಳಿದದ್ದು ಅದೊಂದೇ. ನನಗೆ ಆಗ ಅದೆಲ್ಲ ತಿಳಿದಿರಲಿಲ್ಲ. ಮೇಜಿನ ಮೇಲೆ ಕಂಡದ್ದು ಹರಿದ, ಹೊಗೆಸೊಪ್ಪು ನಾರುವ ಕಾಗದ, ಅದರಲ್ಲಿ ವೀಣೆ ಹಿಡಿದ ತಾಯಿ. ಬೀದಿಯಲ್ಲಿ ಯಾರೋ ತುಳಿದದ್ದನ್ನು ಹೆಕ್ಕಿ ತಂದಿದ್ದೀರಿ ಅಂದುಕೊಂಡೆ. ಹಳೆಯ ದೇವರ ಪಟಗಳನ್ನು ಬಿಡುವ ಹಾಗೆಯೇ ಬಿಟ್ಟೆ.

ಸಂಜೆ ನೀವು ಮನೆಯಿಡೀ ಹುಡುಕಿದಿರಿ. "ಇಲ್ಲೊಂದು ಲೇಬಲ್ ಇತ್ತಲ್ಲ ಮಾರಾಯ್ತಿ, ಕಂಡಿದ್ದೀಯಾ? ಅದು ಹೋದರೆ ಸಾಹೇಬರ ಕೇಸೇ ಹೋಯ್ತು."

"ಇಲ್ಲ" ಎಂದೆ. ನೀವು ಬೈಯುವವರಲ್ಲ, ಬೈಯದೆ ಸುಮ್ಮನೆ ನೋಡುತ್ತೀರಲ್ಲ, ಅದಕ್ಕೆ ಹೆದರಿದೆ.

ಸಾಹೇಬರು ಬಂದಾಗ ನೀವು ಲೇಬಲ್ ಕಳೆದುಹೋಯಿತೆಂದು ಹೇಳಿ ತಲೆ ತಗ್ಗಿಸಿದಿರಿ. ಅವರೇ ನಕ್ಕರು: "ಎಂತ ರಾಯರೇ, ಬೀಡಿಗೆ ಕಿಚ್ಚು ಕೊಡುವವ ಚಿತ್ರ ನೋಡ್ತಾನಾ? ಹೊಸದು ಮಾಡಿಸುವ, ಬಣ್ಣ ನೀವೇ ಹೇಳಿ." ನನ್ನ ಕಡೆ ತಿರುಗಿ, "ಅಕ್ಕಾ, ಇವರಿಗೆ ಸರಿ ಊಟ ಹಾಕಿ. ಒಣಮೀನಿನ ಹಾಗೆ ಆಗಿದ್ದಾರೆ."

ಕೇಸು ಸೋತು ಆ ಚಿತ್ರ ಅವರ ಕೈತಪ್ಪಿತು. ಗಿರಾಕಿಗಳು ಸರಸ್ವತಿಯನ್ನೇ ಹುಡುಕಿಕೊಂಡು ಬೇರೆಯವರ ಬೀಡಿ ಕಟ್ಟು ಕೊಂಡರು.

ದೇವರ ದಯೆ ದೊಡ್ಡದು — ಸಾಹೇಬರು ದೂರಲಿಲ್ಲ, ನಿಮ್ಮ ಕೆಲಸ ನಿಲ್ಲಲಿಲ್ಲ, ಮಕ್ಕಳು ಹಸಿದು ಮಲಗಲಿಲ್ಲ. ಒಂದೊಂದನ್ನೂ ನೆನೆದು ದೀಪ ಹಚ್ಚಿದ್ದೇನೆ. ಆದರೆ ಅಂದಿನಿಂದ ನೀವು ಕಪಾಟಿಗೆ ಬೀಗ ಹಾಕಿ ಎಳೆದು ನೋಡುತ್ತೀರಿ, ಹೋಗಿ ಮಲಗಿ ಮತ್ತೆ ಎದ್ದು ಬಂದು ಎಳೆಯುತ್ತೀರಿ... ಆ ಸದ್ದು ಇಷ್ಟು ವರ್ಷ ಕೇಳಿಯೂ ನಾನು —

ಸಾಹೇಬರು ಈಗಲೂ ಫಳ್ನೀರಿನಲ್ಲೇ ಇದ್ದಾರೆ. ನಾಳೆ ಅವರ ಮನೆಗೆ ಹೋಗಿ ಹೇಳುತ್ತೇನೆ. ನೀವು ಜೊತೆಗೆ ಬಂದರೆ ನನ್ನ ಪುಣ್ಯ, ಬಾರದಿದ್ದರೂ ಹೋಗುತ್ತೇನೆ. ಅದಕ್ಕೂ ಮೊದಲು ನಿಮಗೆ ಹೇಳಬೇಕಿತ್ತು, ಅದಕ್ಕೇ ಬರೆದೆ.

ನೀವು ಇದನ್ನು ಓದುವಾಗ ನಾನು ಎದ್ದು ಹೋಗುವುದಿಲ್ಲ. ಎದುರೇ ಕೂತಿರುತ್ತೇನೆ. ನೀವು ಹೇಗೆ ನೋಡಿದರೂ ಸರಿ.