ಕುಣಿಯದ ಕುದುರೆಯ ಖಾಲಾ

ಚಳಿಗಾಲದ ಬೆಳಗಿನಲ್ಲಿ ಖಾಲಾ ಲಗಾಮಿನ ಕಬ್ಬಿಣವನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ಅಂಗಳದಲ್ಲಿ ನಿಂತಿರುತ್ತಿದ್ದರು. ತಣ್ಣನೆಯ ಕಬ್ಬಿಣವನ್ನು ಹಾಗೇ ಕುದುರೆಯ ಬಾಯಿಗೆ ತುರುಕಬಾರದು, ಮೈಶಾಖಕ್ಕೆ ಬೆಚ್ಚಗಾಗಬೇಕು ಎನ್ನುತ್ತಿದ್ದರು. ಅಲ್ಲಿಯವರೆಗೆ ಅವರ ಎಡಗೈ ಮೈಗೆ ಅಂಟಿಕೊಂಡಿರುತ್ತಿತ್ತು. ಬಲಗೈಯಲ್ಲಿ ಚಹಾದ ಬಸಿ.

ಸವಣೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಅವರ ಗಂಡ ಟಾಂಗಾ ಹೊಡೆಯುತ್ತಿದ್ದವರು. ಆಟೋಗಳು ಬಂದು ಟಾಂಗಾ ನಿಂತ ಮೇಲೆ ಒಂದು ಬಿಳಿ ತಟ್ಟು, ಗಿಡ್ಡ ಜಾತಿಯ ಕುದುರೆ, ಸಾಕಿ ಮದುವೆ ಮೆರವಣಿಗೆಗಳಿಗೆ ಒಯ್ಯತೊಡಗಿದರು. ಅವರು ತೀರಿಕೊಂಡಾಗ ತಟ್ಟುವನ್ನು ಮಾರಿಬಿಡು ಎಂದವರೇ ಎಲ್ಲ. ಮಕ್ಕಳಿಲ್ಲದ ಖಾಲಾ ಮಾರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಹಗ್ಗ ಹಿಡಿದರು. ಹೆಣ್ಣುಮಗಳು ಮೆರವಣಿಗೆಯ ಕುದುರೆ ಹಿಡಿಯುವುದೇ ಎಂದವರಿಗೆ, “ವರಾ ಹತ್ತೂದು ಕುದುರಿ ಮ್ಯಾಲ, ನನ್ನ ಮ್ಯಾಲಲ್ಲ” ಎನ್ನುತ್ತಿದ್ದರು. ನಗು ತಡೆಯಲಾಗದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ನಮ್ಮ ಕಡೆ ಮೆರವಣಿಗೆಯ ಕುದುರೆ ಬರೀ ನಡೆದರೆ ಸಾಲದು, ಕುಣಿಯಬೇಕು. ಬ್ಯಾಂಡಿನ ತಾಳಕ್ಕೆ ಕತ್ತು ಬಾಗಿಸಿ, ಮುಂಗಾಲು ಎತ್ತೆತ್ತಿ ಇಡಬೇಕು. ಅದು ಹಾಡು ಕೇಳಿ ಕುಣಿಯುತ್ತದೆ ಎಂದೇ ಚಿಕ್ಕಂದಿನಲ್ಲಿ ನಾನು ನಂಬಿದ್ದೆ.

ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ರಜೆಗೆ ಬಂದಿದ್ದೆ. ಒಂದು ಸಂಜೆ ಖಾಲಾ ಗೋಡೆಯಾಚೆಯಿಂದ ಕರೆದರು. ತಟ್ಟು ಮೇವನ್ನು ಅರ್ಧ ಅಗಿದು ಉಗುಳುತ್ತಿತ್ತು. ಅವರು ಅದರ ಬಾಯಿ ಬಿಡಿಸಿದರು, ನಾನು ಮೊಬೈಲಿನ ಬೆಳಕು ಹಿಡಿದೆ. ನಾಲಗೆಯ ಅಂಚು ಸೀಳಿತ್ತು. ತುಟಿಯ ಎರಡೂ ಮೂಲೆ ಹಳೆಯ ಚಪ್ಪಲಿಯಂತೆ ದಡ್ಡುಗಟ್ಟಿದ್ದವು.

ಖಾಲಾ ಆ ದಡ್ಡುಗಳ ಮೇಲೆ ಹೆಬ್ಬೆರಳು ಆಡಿಸಿದರು.

“ಕುಣೀತೈತಿ, ಕುಣೀತೈತಿ ಅಂತಿದ್ವಿ. ನಾವು ಜಗ್ಗಿದಾಗ ನೋವಿಗೆ ಕಾಲು ಎತ್ತತಿತ್ತು ಬೇಟಿ, ಅಷ್ಟ.”

ಎದ್ದು ಹೋಗಿ ಆ ಲಗಾಮನ್ನು ಒಳಗಿನ ಮೊಳೆಗೆ ನೇತುಹಾಕಿದರು. ಅದು ಮತ್ತೆ ಕೆಳಗಿಳಿಯಲಿಲ್ಲ.

ಹೊಸದನ್ನು ಇಬ್ಬರೂ ಸೇರಿ ಹೊಲಿದೆವು. ನನ್ನ ಹಳೆಯ ಶಾಲೆಯ ಚೀಲದ ಪಟ್ಟಿಗಳು, ಒಳಮೈಗೆ ಕಂಬಳಿಯ ಚೂರು. ಮೂಗಿನ ಮೇಲೊಂದು ಪಟ್ಟಿ, ಗದ್ದದ ಕೆಳಗೊಂದು, ಎರಡೂ ಬದಿಗೆ ಹಗ್ಗ. ಬಾಯೊಳಗೆ ಏನೂ ಇಲ್ಲ. ಮೊದಮೊದಲು ತಟ್ಟುವಿಗೆ ತಿಳಿಯಲಿಲ್ಲ. ಹಗ್ಗ ಅಲುಗಿದರೆ ಸಾಕು, ಹಳೆಯ ನೋವಿಗೆ ಕಾಯುವಂತೆ ತಲೆ ಮೇಲೆತ್ತಿ ನಿಂತುಬಿಡುತ್ತಿತ್ತು. ಖಾಲಾ ದಿನವೂ ಅದನ್ನು ದೊಡ್ಡಹುಣಸೆ ಮರಗಳ ತನಕ ನಡೆಸಿಕೊಂಡು ಹೋಗಿ ಬಂದರು. ಮೂಗಿನ ಪಟ್ಟಿ ಮೆಲ್ಲಗೆ ಒತ್ತಿದರೆ ನಿಲ್ಲುವುದು, ಸಡಿಲಿಸಿದರೆ ನಡೆಯುವುದು, ಇಷ್ಟನ್ನು ಕಲಿಯಿತು. ಕುಣಿಯುವುದನ್ನು ಬಿಟ್ಟೇಬಿಟ್ಟಿತು.

ಮದುವೆಗಳಿಗೆ ಅವರನ್ನು ಕರೆಯುತ್ತಿದ್ದ ಬ್ಯಾಂಡಿನ ಮಾಲೀಕ ಬಂದು ನೋಡಿ, “ಖಾಲಾ, ಇದು ಕುದುರೀನೋ ಎಮ್ಮೀನೋ?” ಎಂದ.

“ಎಮ್ಮಿ ಮ್ಯಾಲ ಕುಂಡ್ರೂ ವರಾ ಇದ್ರ ಹೇಳಪಾ, ಅದನ್ನೂ ತರ್ತೇನಿ.”

ಆ ಬೇಸಿಗೆಯಲ್ಲಿ ಶಿಗ್ಗಾಂವಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಗೆಳತಿಯ ಮದುವೆ. ಅದೇ ಬ್ಯಾಂಡು, ಅದೇ ತಟ್ಟು. ವರನನ್ನು ಹೊತ್ತು, ಕಿವಿ ಅಲ್ಲಾಡಿಸುತ್ತ ತನ್ನ ಪಾಡಿಗೆ ನಡೆಯಿತು. ವರನ ಸೋದರಮಾವ ಅಡ್ಡ ಬಂದು ನಿಂತ.

“ಏ ಮುದುಕಿ, ಕುಣಸಬೇ ಅದನ್ನ!”

“ಅದು ನಡೀತೈತ್ರಿ. ಕುಣಿಯೂದು ನೀವು ಕುಣೀರಿ, ಬ್ಯಾಂಡ್ ಐತೆಲ್ಲ.”

ಜನ ನಕ್ಕರು. ಅದರಿಂದಲೇ ಕೆಟ್ಟಿತು. ಮಾವ ಕೆಂಪಾಗಿ ಕೂಗಾಡತೊಡಗಿದ. ಬ್ಯಾಂಡಿನ ಮಾಲೀಕ ಓಡಿಹೋಗಿ ಟೆಂಪೊದಿಂದ ಬೇರೊಂದು ಲಗಾಮು ತಂದ. ಹೀಗಾಗುತ್ತದೆಂದು ಮೊದಲೇ ಇಟ್ಟುಕೊಂಡು ಬಂದಿದ್ದನೇನೋ.

“ಹಾಕು ಖಾಲಾ, ಒಂದ ತಾಸಿನ ಮಾತು.”

ಖಾಲಾ ಅದನ್ನು ಇಸಿದುಕೊಂಡರು. ಕಬ್ಬಿಣವನ್ನು ಸೆರಗಿನಿಂದ ಚೆನ್ನಾಗಿ ಒರೆಸಿ ಮಾವನ ಮುಂದೆ ಹಿಡಿದರು.

“ಮೊದಲ ನೀವು ಬಾಯಾಗ ಇಟಗೋರಿ. ನಾ ಜಗ್ಗತೇನಿ. ನೀವು ಕುಣಿದ್ರ ಅದಕ್ಕೂ ಹಾಕತೇನಿ.”

ಈ ಸಲ ಯಾರೂ ನಗಲಿಲ್ಲ. ವರನನ್ನು ಇಳಿಸಿ ಕಾರಿನಲ್ಲಿ ಕೂರಿಸಿದರು. ಟೆಂಪೊದಲ್ಲಿ ತಟ್ಟುವಿಗೆ ಜಾಗವಿಲ್ಲ ಎಂದ ಮಾಲೀಕ. ಖಾಲಾ ಹಗ್ಗ ಸುತ್ತಿಕೊಂಡು ನಡೆದೇ ಸವಣೂರಿಗೆ ಹೊರಟರು. ಗೆಳತಿಗೆ ಒಂದು ಮಾತು ಹೇಳಿ, ಅಕ್ಕಿಕಾಳು ಹಾಕುವುದಕ್ಕೂ ನಿಲ್ಲದೆ ನಾನು ಹೋಗಿ ಅವರನ್ನು ಕೂಡಿಕೊಂಡೆ. ರೇಷ್ಮೆ ಸೀರೆಯಲ್ಲಿ ಅಷ್ಟು ದೂರ ನಡೆದದ್ದು ಅದೊಂದೇ ಸಲ.

“ನೀ ಯಾಕ ಬಂದಿ? ಗೆಳತಿ ಬ್ಯಾಸರಾ ಮಾಡ್ಕೋತಾಳ.”

“ಮಾಡ್ಕೊಳ್ಳಿ ಬಿಡ್ರಿ.”

ಸ್ವಲ್ಪ ದೂರ ಹೋದ ಮೇಲೆ, “ಇನ್ನ ಯಾರೂ ಮದವಿಗೆ ಕರಿಯಂಗಿಲ್ಲ” ಎಂದರು. ದನಿಯಲ್ಲಿ ಅಂಜಿಕೆ ಇತ್ತು. ಆದರೂ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.

ಅವರು ಹೇಳಿದಂತೆಯೇ ಆಯಿತು. ಬ್ಯಾಂಡಿನವನು ಹಿರೇಕೆರೂರಿನಿಂದ ಕುಣಿಯುವ ಕುದುರೆಯೊಂದನ್ನು ತಂದ. ಖಾಲಾ ಹಳೆಯ ಟಾಂಗಾದ ಮೇಲ್ಮುಚ್ಚಳ ಕಿತ್ತುಹಾಕಿ, ತೋಟಗಳಿಂದ ಪೇಟೆಗೆ ವೀಳ್ಯದೆಲೆ ಹೇರತೊಡಗಿದರು. ಮುಂದಿನ ರಂಜಾನಿಗೆ ಅವರಿಗೆ ಹೊಸ ಸೀರೆಯಿರಲಿಲ್ಲ. ತಟ್ಟುವಿನ ಮೂಗಿನ ಪಟ್ಟಿಗೆ ಮಾತ್ರ ಹೊಸ ಕಂಬಳಿ ಬಂದಿತ್ತು.

ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ತಟ್ಟುವನ್ನು ನಮ್ಮ ಹಿತ್ತಲಿಗೆ ತಂದು ಕಟ್ಟಿದೆ. ಒಂದು ಮಧ್ಯಾಹ್ನ ಗೋಡೆಯ ಮೊಳೆಯತ್ತ ಕಣ್ಣು ಹೊರಳಿಸಿ ಹೇಳಿದರು:

“ತಟ್ಟು ನಿನ್ನ ಕೈಯಾಗ ಇರಲಿ. ನಾ ಹೋದ ಮ್ಯಾಲ ಯಾರರ ಬಂದು ಲಗಾಮು ಎಲ್ಲೈತಿ ಅಂತಾರ. ಇಲ್ಲ ಅನಬ್ಯಾಡ, ಸುಳ್ಳಾಕ್ಕೈತಿ. ಐತಿ, ಕೊಡೂದಿಲ್ಲ ಅನ್ನು.”

“ಆತ್ರಿ” ಎಂದೆ. ನಾನು ದನಿಯೆತ್ತಿ ಮಾತಾಡುವವಳಲ್ಲ ಎಂಬುದು ಅವರಿಗೆ ಗೊತ್ತಿತ್ತು.

“ಜೋರ ಅನಬೇಕಂತಿಲ್ಲ ಬೇಟಿ. ಎರಡ ಸಲ ಅಂದ್ರ ಸಾಕು.”

ಅವರು ತೀರಿಕೊಂಡು ಮಣ್ಣು ಮುಗಿದ ಮರುವಾರ ಅವರ ಅಕ್ಕನ ಮಗ ಹಾನಗಲ್ಲಿನಿಂದ ಬಂದ. ಅಲ್ಲಿ ಮದುವೆಗಳು ಶುರುವಾಗಿದ್ದವು. ತಟ್ಟುವಿನ ಸುತ್ತ ಒಂದು ಸುತ್ತು ಬಂದು, ಮೂಗಿನ ಪಟ್ಟಿ ನೋಡಿ ನಕ್ಕ.

“ಅಕ್ಕಾರ, ಇದರ ಲಗಾಮು ಎಲ್ಲೈತ್ರಿ?”

“ಐತಿ. ಕೊಡೂದಿಲ್ಲ.”

ಅವನು ನನ್ನ ಮುಖ ನೋಡಿದ. “ಹೋಗ್ಲಿ ಬಿಡ್ರಿ, ಪ್ಯಾಟ್ಯಾಗ ಹೊಸಾದು ತಗೋತೇನಿ” ಎಂದು ಹಗ್ಗಕ್ಕೆ ಕೈಹಾಕಿದ. ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು.

“ಕುದುರೀನೂ ಐತಿ” ಎಂದೆ. “ಕೊಡೂದಿಲ್ಲ.”