ಜಾಲಿ ಮುಳ್ಳು, ಬೆಳ್ಳಿ ನಳಿಕೆ

ಮೊದಲು ಒಣಗಿದ್ದು ಕರಿಯ ಹೋರಿಯ ಮೂತಿ.

ಬೆಳಕು ಹರಿಯುವ ಹೊತ್ತಿಗೆ ರೊಪ್ಪದೊಳಗೆ ಹೋಗಿ ಒಂದೊಂದು ದನದ ಮೂತಿಯನ್ನೂ ಅಂಗೈಯಿಂದ ಮುಟ್ಟುವುದು, ಆಮೇಲೆ ಕತ್ತಿನ ತೊಗಲನ್ನು ಹಿಡಿಹಿಡಿಯಾಗಿ ಎತ್ತಿ ಉಜ್ಜುವುದು ನನ್ನ ನಿತ್ಯದ ಕೆಲಸ. ಮಳೆ ಬರಲಿ, ಹಬ್ಬ ಬರಲಿ, ತಪ್ಪಿಸಿದ್ದಿಲ್ಲ. ಸರ್ಕಾರದ ಹುಲ್ಲುಗಾವಲಿನಲ್ಲಿ ದಫೇದಾರನಾಗಿದ್ದಾಗ ಕಲಿತ ಶಿಸ್ತು ಅದು. ಆರೋಗ್ಯವಾಗಿರುವ ದನದ ಮೂತಿಯ ಮೇಲೆ ಇಬ್ಬನಿಯಂಥ ಹನಿಗಳಿರುತ್ತವೆ. ಅಂದು ಕರಿಯನ ಮೂತಿ ಒಲೆಯ ಮೇಲಿನ ಹಂಚಿನಂತಿತ್ತು.

ಹಿಂದಿನ ದಿನ ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಬೇಸಿಗೆಯಲ್ಲಿ ಸೊರಗಿದ್ದ ದನಗಳು ಚೆನ್ನಾಗಿ ನೆನೆದಿದ್ದವು. ನಾವು ಮಳೆ ಬಂದ ಸಂತೋಷದಲ್ಲಿದ್ದೆವು.

ಹೊತ್ತು ಏರುತ್ತಿದ್ದಂತೆ ಕರಿಯನ ಗಂಟಲು ಊದಿತು. ಬಾಯಿಂದ ಜೊಲ್ಲು ಎಳೆಎಳೆಯಾಗಿ ಇಳಿಯಿತು. ಉಸಿರು ಗೊರಗೊರ ಎಂದಿತು. ಕತ್ತನ್ನು ಮುಂದಕ್ಕೆ ಚಾಚಿ, ನಾಲಿಗೆ ಹೊರಗೆ ಬಿಟ್ಟು, ಗಾಳಿಗಾಗಿ ಹೋರಾಡಿತು. ಅರಿಶಿನ ಮೆತ್ತಿದೆವು. ದೇವರಿಗೆ ಹರಕೆ ಹೊತ್ತೆವು.

ಹೊತ್ತು ಮುಳುಗುವ ಮೊದಲೇ ಕರಿಯ ಸತ್ತಿತು.

ಗಂಟಲು ಬೇನೆಯನ್ನು ನಾನು ಹಿಂದೆಯೂ ಕಂಡಿದ್ದೆ. ಅದು ಒಂದರ ಪ್ರಾಣ ತೆಗೆದು ಸುಮ್ಮನಾಗುವ ರೋಗವಲ್ಲ. ದನದ ಡಾಕ್ಟರು ಧರ್ಮಪುರದಲ್ಲಿ ಕ್ಯಾಂಪ್ ಮಾಡಿದ್ದಾರೆಂದು ಕೇಳಿದ್ದೆ. ಕೂಡಲೇ ಆಳು ಕಳುಹಿಸಿದೆ.

ಮರುದಿನ ಬೆಳಿಗ್ಗೆ ಹಾಲಯ್ಯನ ಮೂತಿಯೂ ಒಣಗಿತ್ತು.

ಹಾಲಯ್ಯ ನಮ್ಮ ದೇವರ ಎತ್ತುಗಳ ಮುಂದಾಳು. ಹಾಲಿನಂಥ ಬಣ್ಣ, ಎತ್ತರದ ಕೊಂಬು. ಅದು ಹೆಜ್ಜೆ ಇಟ್ಟರೆ ಮಿಕ್ಕವೆಲ್ಲ ಹಿಂದೆ ನಡೆಯುತ್ತವೆ. ಅದು ನಿಂತರೆ ನಿಲ್ಲುತ್ತವೆ. ದೇವರ ಎತ್ತೆಂದರೆ ಉಳುವ ಎತ್ತಲ್ಲ, ಹಟ್ಟಿಯ ದೇವರಿಗೆ ಬಿಟ್ಟದ್ದು. ಮೂಗು ಚುಚ್ಚುವುದಿಲ್ಲ, ಹಗ್ಗ ಹಾಕುವುದಿಲ್ಲ, ನೊಗ ಹೂಡುವುದಿಲ್ಲ. ಅದರ ಮೈಗೆ ಕಬ್ಬಿಣ ತಾಗಬಾರದು. ಅವುಗಳನ್ನು ಕಾಯುವ ಕಿಲಾರಿಗೂ ಕಟ್ಟಳೆಗಳಿವೆ: ಕಾಲಿಗೆ ಮೆಟ್ಟು ಹಾಕುವ ಹಾಗಿಲ್ಲ, ಮನೆಯಲ್ಲಿ ಮಲಗುವ ಹಾಗಿಲ್ಲ. ಕೆಲಸದಿಂದ ಬಿಡುಗಡೆಯಾದ ಮೇಲೆ ನಾನೇ ಕೇಳಿ ಪಡೆದ ಕಿಲಾರಿತನ ಇದು. ಮಕ್ಕಳೆಲ್ಲ ದೊಡ್ಡವರಾಗಿದ್ದಾರೆ. ಹೆಂಗಸರು ರೊಪ್ಪದೊಳಗೆ ಬರುವ ಹಾಗಿಲ್ಲ. ಹೆಂಡತಿ ಬೋರಮ್ಮ ದಿನಾ ಬುತ್ತಿ ತಂದು ರೊಪ್ಪದ ಬೇಲಿಯ ಹೊರಗೆ ಇಟ್ಟು ಕೂಗುತ್ತಾಳೆ, "ದಫೇದಾರ್ರೇ, ಮುದ್ದೆ ಹಾಜರ್!"

ಅಂದು ಅವಳು ಕೂಗಲಿಲ್ಲ. ಬುತ್ತಿ ಹಿಡಿದೇ ಬೇಲಿಯ ಸಂದಿಯಿಂದ ಹಾಲಯ್ಯನನ್ನು ನೋಡಿದಳು.

ಡಾಕ್ಟರು ಕುದುರೆಯ ಮೇಲೆ ಬಂದರು. ಮೈಸೂರು ಕಡೆಯ, ಇನ್ನೂ ಮೀಸೆ ಸರಿಯಾಗಿ ತುಂಬದ ಪ್ರಾಯದವರು. ಹಾಲಯ್ಯನಿಗೆ ಥರ್ಮಾಮೀಟರ್ ಇಟ್ಟರು. ಪಕ್ಕೆಗೆ ಕಿವಿ ಹಚ್ಚಿ ಕೇಳಿದರು. ಗಂಟಲಡಿಯ ಬಾವನ್ನು ಒತ್ತಿದರು. ಆಗಿನ್ನೂ ಅದು ನಿಂಬೆಹಣ್ಣಿನಷ್ಟೇ ಇತ್ತು.

"ನೋಡಿ, ಇದರ ಕ್ರಿಮಿ ಎಲ್ಲಿಂದಲೋ ಹಾರಿ ಬಂದದ್ದಲ್ಲ," ಎಂದರು. "ಚೆನ್ನಾಗಿರೋ ದನದ ಗಂಟಲಲ್ಲೇ ತಣ್ಣಗೆ ಕೂತಿರುತ್ತೆ. ದನ ಸೊರಗಿ, ನೆನೆದು, ನಡುಗಿದಾಗ ಎದ್ದು ಬಿಡುತ್ತೆ. ಶ್ವಾಸಕೋಶಕ್ಕೆ ಇಳಿಯುತ್ತೆ. ಇದರ ಜೊಲ್ಲು, ಉಸಿರು ತಾಗಿದರೆ ಪಕ್ಕದ್ದಕ್ಕೂ ಅಂಟುತ್ತೆ."

"ಒಳಮನೆ ಕಳ್ಳ ಅನ್ರಿ," ಎಂದೆ.

"ಅದೇ. ಕಳ್ಳನ್ನ ಹಿಡಿಯೋ ಪೊಲೀಸು ನನ್ನ ಪೆಟ್ಟಿಗೇಲಿದೆ. ಸೀರಂ. ಬಾವು ದೊಡ್ಡದಾಗೋಕೆ ಮುಂಚೆ ತೊಗಲ ಕೆಳಗೆ ಹೋಗಬೇಕು. ಉಳಿದ ದನಗಳಿಗೂ ಇವತ್ತೇ ಹಾಕಬೇಕು."

ಅವರು ಪೆಟ್ಟಿಗೆ ತೆರೆದು ಸೂಜಿ ಹೊರತೆಗೆದರು. ಬಿಸಿಲಿಗೆ ಅದು ಮಿಂಚಿತು.

"ಅದೇನಪ್ಪ ಅದು?" ಎಂದಿತು ಹಿಂದಿನಿಂದ ಒಂದು ದನಿ.

ಪೂಜಾರಿ ಪಾಪಯ್ಯ. ನನಗೆ ವರಸೆಯಲ್ಲಿ ಅಣ್ಣ. ಹಟ್ಟಿಯಲ್ಲಿ ಅವನ ಮಾತು ದಾಟಿ ದೇವರ ಎತ್ತಿನ ಮೈ ಮುಟ್ಟುವವರಿಲ್ಲ.

"ಸೂಜಿ, ಅಣ್ಣಯ್ಯ. ಉಕ್ಕಿಂದು," ಎಂದೆ. ಸುಳ್ಳು ಹೇಳುವುದು ನನಗೆ ಬಾರದು.

"ಉಕ್ಕಂದ್ರೆ ಕಬ್ಬಿಣದ ಅಣ್ಣ. ಮೂಗುದಾರನೇ ಹಾಕದ ಎತ್ತಿಗೆ ಸೂಜಿ ಹಾಕ್ತೀಯಾ? ನಮ್ಮಪ್ಪ, ನಿಮ್ಮಪ್ಪ ಕಾಯ್ಕೊಂಡು ಬಂದಿದ್ದು ನಮ್ಮ ಕೈಯಾಗೆ ಕೆಡಬೇಕಾ?"

"ದನ ಸತ್ತ ಮೇಲೆ ಕಟ್ಟಳೆ ಯಾರಿಗಣ್ಣ?"

"ಕಟ್ಟಳೆ ಸತ್ತ ಮೇಲೆ ಅದು ದೇವ್ರ ಎತ್ತಾ? ಬರೀ ಎತ್ತು!"

ಅವನ ಕಣ್ಣಲ್ಲಿ ನೀರಿತ್ತು. ಕರಿಯನ ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಿದವನು ಅವನೇ. ಹಟದಿಂದ ಆಡಿದ ಮಾತಲ್ಲ ಅದು. ನಾನು ಬೇಲಿ ದಾಟಿ ಬೋರಮ್ಮ ನಿಂತಿದ್ದ ಕಡೆ ಹೆಜ್ಜೆ ಹಾಕಿದೆ. ಹಿಂದೆ ಹಾಲಯ್ಯ ಕೆಮ್ಮಿತು. ಆ ಕೆಮ್ಮು ನನ್ನ ಎದೆಯೊಳಗಿಂದಲೇ ಬಂದಂತಾಯಿತು. ಕಾಲೆಲ್ಲಿಟ್ಟೆನೋ ತಿಳಿಯಲಿಲ್ಲ.

ಹಿಮ್ಮಡಿಗೆ ಜಾಲಿ ಮುಳ್ಳು ನೆಟ್ಟಿತು.

"ಕುಂತ್ಕ," ಎಂದಳು ಬೋರಮ್ಮ. "ಎಂಟು ದಿಕ್ಕಿಗೂ ಹುಕುಂ ಕೊಡ್ತೀಯ, ಕಾಲಡಿ ನೋಡ್ಕಳಕ್ಕೆ ಬರಲ್ಲ." ನನ್ನ ಕಾಲನ್ನು ಮಡಿಲಿಗೆ ಎಳೆದುಕೊಂಡು, ಬೇಲಿಯಿಂದ ಇನ್ನೊಂದು ಮುಳ್ಳು ಮುರಿದು, ಅದರ ಮೊನೆಯಿಂದ ಮೊದಲಿನದನ್ನು ಎಬ್ಬಿಸಿ ತೆಗೆದಳು. ಎಕ್ಕದ ಎಲೆ ಕಿತ್ತು ಅದರ ಹಾಲನ್ನು ಆ ತೂತಿನೊಳಗೆ ಒಂದು ತೊಟ್ಟು ಬಿಟ್ಟಳು. "ಮುಳ್ಳು ಮುಳ್ಳಿಂದ್ಲೇ ಹೋಗ್ಬೇಕು. ಔಷ್ದಿ ತೂತಿಗೆ ಬಿದ್ರೆ ಸಾಕು."

ಅವಳ ಕೈಯಲ್ಲಿದ್ದ ಮುಳ್ಳನ್ನು ನೋಡಿದೆ. ನೀಳ, ನೆಟ್ಟಗೆ, ಗಟ್ಟಿ.

ಅದನ್ನು ಕಿತ್ತುಕೊಂಡು ಡಾಕ್ಟರ ಬಳಿಗೆ ಕುಂಟುತ್ತಲೇ ಓಡಿದೆ.

"ಡಾಕ್ಟ್ರೇ, ಔಷಧಿ ತೊಗಲ ಕೆಳಗೆ ಹೋಗಬೇಕು, ಅಷ್ಟೇ ತಾನೆ? ತೊಗಲು ತೂರೋದು ಸೂಜಿನೇ ಆಗಬೇಕಾ?"

ಡಾಕ್ಟರು ನನ್ನನ್ನೂ ನನ್ನ ಕೈಯಲ್ಲಿದ್ದ ಮುಳ್ಳನ್ನೂ ನೋಡಿದರು. ನಗಲಿಲ್ಲ. ಪೆಟ್ಟಿಗೆಯ ತಳದಿಂದ ಒಂದು ಸಣ್ಣ ನಳಿಕೆ ತೆಗೆದರು. "ಹಸುವಿನ ಮೊಲೆ ಕಟ್ಟಿಕೊಂಡರೆ ಹಾಲು ಇಳಿಸೋದು ಇದು. ಬೆಳ್ಳಿ. ತುದಿ ಮೊಂಡು, ತೊಗಲು ತೂರಲ್ಲ. ಆದರೆ ತೂತು ಮೊದಲೇ ಇದ್ದರೆ... ಔಷಧಿ ತುಂಬೋ ಪಿಚಕಾರಿಗೆ ಸರಿಯಾಗಿ ಕೂರುತ್ತೆ. ಮುಳ್ಳುಗಳನ್ನು ಮಾತ್ರ ಚೆನ್ನಾಗಿ ಕುದಿಸಬೇಕು."

ಪಾಪಯ್ಯ ಕೈ ಚಾಚಿದ. "ಬೆಳ್ಳಿ ಅಂದ್ರೆ ಬೆಳ್ಳಿನೇನಾ? ಕೊಡ್ರಿ ಇಲ್ಲಿ." ಹುಣಸೆಹಣ್ಣು ತರಿಸಿ ಉಜ್ಜಿದ. ನಳಿಕೆ ಬೆಳ್ಳಗೆ ಹೊಳೆಯಿತು. ಹಲ್ಲಿನಿಂದಲೂ ಕಚ್ಚಿ ನೋಡಿದ. ಡಾಕ್ಟರು ನಿಟ್ಟುಸಿರು ಬಿಟ್ಟು, "ಇದನ್ನೂ ಮತ್ತೆ ಕುದಿಸಿ," ಎಂದರು.

"ಬೆಳ್ಳಿ ಕಬ್ಬಿಣ ಅಲ್ಲ. ಮುಳ್ಳಿಗೂ ನನ್ನ ತಕರಾರಿಲ್ಲ," ಎಂದ ಪಾಪಯ್ಯ. "ಜಾಲಿ ಬೇಲಿಯಾಗೆ ದಿನಾ ಮೈ ತಿಕ್ಕಂತವೆ. ದೇವ್ರು ಯಾವತ್ತೂ ಬ್ಯಾಡ ಅಂದಿಲ್ಲ."

ಬೋರಮ್ಮ ಬೇಲಿಯಾಚೆಯೇ ಮೂರು ಕಲ್ಲು ಹೂಡಿ ಮಡಕೆ ಇಟ್ಟಳು. ಹಟ್ಟಿಯ ಹೆಂಗಸರು ಮುಳ್ಳು ಆರಿಸಿದರು. ಮೊದಲಿನದು ಹಸಿ ಮುಳ್ಳು, ತೊಗಲಿಗೆ ಒತ್ತಿದೊಡನೆ ಬಾಗಿತು. "ಒಣಗಿದ್ದು ಕೊಡ್ರೇ, ನಿಮ್ಮ ಸೊಸೇರಂಗೆ ಬಳುಕೋದು ಬ್ಯಾಡ," ಎಂದಳು ಬೋರಮ್ಮ. ಆ ದುಃಖದಲ್ಲೂ ಹೆಂಗಸರು ನಕ್ಕರು.

ಉಳಿದದ್ದು ನನ್ನ ಕೆಲಸ. ಹಗ್ಗವಿಲ್ಲದೆ ಇಂಥ ದನಗಳನ್ನು ನಿಲ್ಲಿಸುವುದು ಹೇಗೆಂದು ಡಾಕ್ಟರಿಗೆ ಅಂಜಿಕೆಯಿತ್ತು. ನಾನು ಹಾಲಯ್ಯನ ಎಡಗಡೆ ನಿಂತು, ದಿನವೂ ಮಾಡುವಂತೆಯೇ ಕತ್ತಿನ ತೊಗಲನ್ನು ಹಿಡಿದು ಎತ್ತಿದೆ. "ನಿಂತ್ಕಳಪ್ಪ," ಎಂದೆ. ಅದು ಕಿವಿ ಅಲುಗಿಸಿತು, ಅಷ್ಟೇ. ಪಾಪಯ್ಯ ತಾನೇ ಬಂದು ಕೊಂಬಿನ ಬುಡದಲ್ಲಿ ಕೈಯಿಟ್ಟ. ಡಾಕ್ಟರು ಒತ್ತಿದ ಮುಳ್ಳು ತೂರಿತು. ಮುಳ್ಳು ಹೊರಬಂದ ತೂತಿನಲ್ಲಿ ನಳಿಕೆ ಜಾರಿತು. ಸೀರಂ ಇಳಿಯಿತು. ಎಷ್ಟೋ ವರ್ಷ ಬೆಳಗಾದರೆ ಕತ್ತು ಉಜ್ಜಿದ್ದೇಕೆಂದು ಕೇಳಿದವರಿಗೆಲ್ಲ ಅಂದು ಉತ್ತರ ಸಿಕ್ಕಿತು. ಒಂದಾದ ಮೇಲೊಂದು ದನ ತಾನಾಗಿ ಬಂದು ಕತ್ತು ಕೊಟ್ಟಿತು. ಒಂದೂ ಒದೆಯಲಿಲ್ಲ. ಡಾಕ್ಟರು ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡು, "ನಮ್ಮ ಆಸ್ಪತ್ರೇಲಿ ಹೀಗೆ ನಿಲ್ಲೋ ಎತ್ತು ನಾನು ಕಂಡಿಲ್ಲ," ಎಂದರು.

ಹಾಲಯ್ಯನನ್ನು ಬೇರೆ ಮಾಡಿದೆವು. ಬೇರೆ ನೀರು, ಬೇರೆ ಹುಲ್ಲು. ಊದಿದ ಗಂಟಲಿಗೆ ಬಿಸಿ ಬಟ್ಟೆಯ ಶಾಖ. "ಮಿಕ್ಕವುಗಳ ಬಗ್ಗೆ ಧೈರ್ಯ ಇದೆ. ಇದರ ಬಗ್ಗೆ ಏನೂ ಹೇಳಲಾರೆ," ಎಂದಿದ್ದರು ಡಾಕ್ಟರು. ಬಾವು ಮಾವಿನಕಾಯಿಯಷ್ಟಾಯಿತು. ಹಾಲಯ್ಯ ಮೇವು ಬಿಟ್ಟಿತು. ನಾನೂ ಬುತ್ತಿ ಬಿಚ್ಚಲಿಲ್ಲ. ಕಾಯುವವನಿಗೆ ರೋಗಿಯ ಉಸಿರೇ ಗಡಿಯಾರ. ಅದು ತಡವರಿಸಿದರೆ ನಮ್ಮ ಹೊತ್ತೂ ತಡವರಿಸುತ್ತದೆ. ಆದರೆ ಬಾವು ಅಲ್ಲಿಂದ ಮುಂದಕ್ಕೆ ಬೆಳೆಯಲಿಲ್ಲ. ಗೊರಗೊರ ಸದ್ದು ಏರಲಿಲ್ಲ. ಒಂದು ಮಧ್ಯಾಹ್ನ ಅದರ ದವಡೆ ನಿಧಾನವಾಗಿ ಆಡತೊಡಗಿತು.

ಹಾಲಯ್ಯ ಮೆಲುಕು ಹಾಕುತ್ತಿತ್ತು!

ಮರುದಿನ ಬೆಳಗ್ಗೆ ಅಂಗೈಯನ್ನು ಅದರ ಮೂತಿಗಿಟ್ಟೆ. ಒದ್ದೆ. ತಣ್ಣಗೆ, ಹನಿಹನಿಯಾಗಿ. ಆ ಕೈಯನ್ನು ಒರೆಸಿಕೊಳ್ಳದೆ ಬೇಲಿಗೆ ಹೋಗಿ ಬೋರಮ್ಮನನ್ನು ಕೂಗಿ ತೋರಿಸಿದೆ. ಅವಳು ಅದನ್ನು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ, "ಕಾಲು ತೋರ್ಸು, ತೂತು ಮಾಗೈತಾ?" ಎಂದಳು.

ಕರಿಯನ ಜಾಗ ರೊಪ್ಪದಲ್ಲಿ ಖಾಲಿಯಿದೆ. ಮಿಕ್ಕ ಒಂದಕ್ಕೂ ಬೇನೆ ತಾಗಲಿಲ್ಲ. ನಿನ್ನೆ ದನಗಳನ್ನು ಮತ್ತೆ ಮೇಯಲು ಕಾವಲಿಗೆ ಬಿಟ್ಟೆವು. ಮುಂದೆ ಹಾಲಯ್ಯ, ಕೊಂಬೆತ್ತಿ. ಅದರ ಹಿಂದೆ ಪಾಪಯ್ಯ, ತಾನೇ ಗೆದ್ದವನ ಹಾಗೆ ತಲೆಯೆತ್ತಿ. ಯಾರೂ ಸೋಲದ ಗೆಲುವು ಅದು. ಅವನು ಹಾಗೆ ನಡೆದದ್ದು ನನಗೆ ಒಪ್ಪಿಗೆಯೇ.

ಬರುವ ಮುಂಗಾರಿಗೆ ಮೊದಲೇ ಬಂದು ಔಷಧಿ ಹಾಕುವುದಾಗಿ ಡಾಕ್ಟರು ಹೇಳಿ ಹೋಗಿದ್ದಾರೆ. ಬೋರಮ್ಮ ಈಗಲೇ ಬೇಲಿಯಾಚೆ ಕಾಣುವ ನಮ್ಮ ಮನೆಯ ಸೂರಿನ ಮೇಲೆ ಜಾಲಿ ಮುಳ್ಳು ಒಣಗಲು ಹರಡಿದ್ದಾಳೆ. ಬೇಲಿಯ ಈಚೆಯಿಂದಲೇ ತಪಾಸಣೆ ಮಾಡಿದೆ. ಎಲ್ಲ ನೆಟ್ಟಗಿವೆ.